ಸಿ ಗ್ರೇಡಿನ ಶಾಲೆಯನ್ನು ಅಳೆಯುವುದು ಹೇಗೆ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಗ್ರೇಡು ಬರುವುದು ಮಕ್ಕಳಿಗಷ್ಟೇ ಅಲ್ಲ, ಸರ್ಕಾರಿ ಶಾಲೆಗಳಿಗೂ ಬರುತ್ತದೆ. ನೂರಕ್ಕೆ 85 ಮುಟ್ಟಿದರೆ ಎ, 70 ಮುಟ್ಟಿದರೆ ಬಿ, 55 ಮುಟ್ಟಿದರೆ ಸಿ, 40ಕ್ಕಿಂತ ಕೆಳಗಿಳಿದರೆ ಎಫ್. 2015ರಲ್ಲಿ ಮೊದಲ ಸಲ ಪ್ರಕಟವಾದ ಈ ಗ್ರೇಡುಗಳು ಇವತ್ತು ಮನೆ ಕೊಳ್ಳುವವರ ಬಾಯಲ್ಲೂ ಇವೆ, ಮನೆ ಮಾರುವ ಏಜೆಂಟರ ಬಾಯಲ್ಲೂ ಇವೆ. ರಾಜಧಾನಿ ರಾಲಿಗೆ ಅಂಟಿಕೊಂಡಿರುವ ಕ್ಯಾರಿ, ಮಾರಿಸ್‌ವಿಲ್ ಊರುಗಳಲ್ಲಿ ನಮ್ಮ ಕನ್ನಡದ ಕುಟುಂಬಗಳು ಬಹಳ. ಅವರಲ್ಲಿ ಅನೇಕರು ಮನೆ ನೋಡುವ ಮೊದಲು ನೋಡುವುದು ಶಾಲೆಯ ಗ್ರೇಡನ್ನು.

ನನ್ನ ಮಗಳ ಸಂಸಾರ ಇರುವುದು ಕ್ಯಾರಿಯಲ್ಲಿ. ಮೊಮ್ಮಗಳು ಐದನೇ ತರಗತಿ ಮುಗಿಸಿ ಮಿಡಲ್ ಸ್ಕೂಲಿಗೆ ಹೋಗಬೇಕಿತ್ತು. ಮನೆಯ ವಿಳಾಸಕ್ಕೆ ಗೊತ್ತುಮಾಡಿದ ಶಾಲೆಗೆ ಎ ಗ್ರೇಡು. ಹುಡುಗಿ ಆಸೆಪಟ್ಟದ್ದು ಮಾತ್ರ ಹಳೆಯ ರಾಲಿಯ ನಡುವಿನ ಒಂದು ಮ್ಯಾಗ್ನೆಟ್ ಶಾಲೆಗೆ. ಅಲ್ಲಿ ನಾಟಕ, ಡ್ರಮ್ಸ್, ರೋಬೋಟ್ ಕಟ್ಟುವುದು, ಚರ್ಚಾಸ್ಪರ್ಧೆಯ ತರಬೇತಿ ಎಲ್ಲವೂ ಶಾಲೆಯ ವೇಳೆಯೊಳಗೇ ಪಾಠದಂತೆ ನಡೆಯುತ್ತವೆ. ಅದರ ಗ್ರೇಡು ಸಿ. "ಅಮ್ಮ, ಎ ಬಿಟ್ಟು ಸಿಗೆ ಯಾರಾದರೂ ಕಳಿಸ್ತಾರಾ? ನೀನು ಟೀಚರ್ ಆಗಿದ್ದವಳು, ನೋಡಿ ಹೇಳು" ಎಂದಳು ಮಗಳು. ನಾನು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಶಾಲೆಯೊಂದನ್ನು ಒಂದು ಅಕ್ಷರದಿಂದ ತೂಗುವುದು ನನಗೆ ಯಾವತ್ತೂ ಒಪ್ಪಿಗೆಯಾದ ವಿಷಯವಲ್ಲ. ಆದರೂ ಓದಿ, ಕೇಳಿ, ಕಣ್ಣಾರೆ ನೋಡಿಯೇ ಉತ್ತರ ಹೇಳಬೇಕು ಅನ್ನಿಸಿತು.

ಮೊದಲು ಈ ಮ್ಯಾಗ್ನೆಟ್ ಶಾಲೆಗಳು ಯಾಕೆ ಹುಟ್ಟಿದವು ಎಂಬುದನ್ನು ತಿಳಿಯಬೇಕು. ಅದು ಗೊತ್ತಿಲ್ಲದೆ ಗುಣಮಟ್ಟದ ಮಾತಾಡುವುದು ವ್ಯರ್ಥ. ಕರಿಯ ಮಕ್ಕಳಿಗೊಂದು ಶಾಲೆ, ಬಿಳಿಯ ಮಕ್ಕಳಿಗೊಂದು ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಬ್ರೌನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದರೂ ಬಡಾವಣೆಗಳು ಬೇರೆಬೇರೆಯಾಗಿಯೇ ಉಳಿದವು. ಮಕ್ಕಳನ್ನು ಬಸ್ಸಿನಲ್ಲಿ ಆ ಕಡೆಯಿಂದ ಈ ಕಡೆಗೆ ಸಾಗಿಸಿ ಬೆರೆಸಬಹುದು ಎಂದು 1971ರಲ್ಲಿ ಇದೇ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್ ನಗರದ ಪ್ರಕರಣದಲ್ಲಿ ಕೋರ್ಟ್ ಒಪ್ಪಿತು. ಬಾಸ್ಟನ್ನಿನಲ್ಲಿ 1974ರಲ್ಲಿ ಅಂಥ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಬಲವಂತ ಮಾಡುವ ಬದಲು ಬಡ ಬಡಾವಣೆಯ ಶಾಲೆಯಲ್ಲಿ ಬೇರೆಲ್ಲೂ ಸಿಗದ ಪಾಠ ಇಟ್ಟರೆ ಅನುಕೂಲಸ್ಥರು ತಾವಾಗಿಯೇ ಮಕ್ಕಳನ್ನು ಕಳಿಸುತ್ತಾರೆ ಎಂಬ ಆಲೋಚನೆ ಆ ಹೊತ್ತಿಗಾಗಲೇ ಮೊಳೆತಿತ್ತು. ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ 1968ರಲ್ಲಿ ಮೆಕಾರ್ವರ್ ಪ್ರಾಥಮಿಕ ಶಾಲೆ ಈ ದಾರಿ ಹಿಡಿಯಿತು. ಮರುವರ್ಷ ಬಾಸ್ಟನ್ನಿನಲ್ಲಿ ಟ್ರಾಟರ್ ಶಾಲೆ ತೆರೆಯಿತು. ದೂರದ ಮಕ್ಕಳನ್ನು ಸೆಳೆಯಬೇಕೆಂದೇ ಮ್ಯಾಗ್ನೆಟ್ ಎಂಬ ಹೆಸರು ಬಂತು.

ರಾಲಿ ಇರುವ ವೇಕ್ ಕೌಂಟಿಯ ದಾರಿ ಸ್ವಲ್ಪ ಬೇರೆ. ಅಲ್ಲಿ 1976ರಲ್ಲಿ ನಗರದ ಶಾಲೆಗಳನ್ನೂ ಸುತ್ತಲಿನ ಹೊರವಲಯದ ಶಾಲೆಗಳನ್ನೂ ಸೇರಿಸಿ ಒಂದೇ ಆಡಳಿತಕ್ಕೆ ತಂದರು. 1982ರಲ್ಲಿ ನಗರದ ನಡುವಿನ ಶಾಲೆಗಳಿಗೆ ಸಾಲಾಗಿ ಮ್ಯಾಗ್ನೆಟ್ ಕಾರ್ಯಕ್ರಮ ಕೊಟ್ಟರು. ಬಡತನ ಒಂದೇ ಶಾಲೆಯಲ್ಲಿ ಮಡುಗಟ್ಟಬಾರದು, ಹಳೆಯ ಕಟ್ಟಡಗಳು ಖಾಲಿ ಬೀಳಬಾರದು, ಮಕ್ಕಳಿಗೆ ಹೊಸ ಬಗೆಯ ಪಾಠ ಸಿಗಬೇಕು ಎಂಬ ಮೂರು ಉದ್ದೇಶಗಳನ್ನು ಅಲ್ಲಿನ ಶಾಲಾ ಆಡಳಿತ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಪ್ರವೇಶಕ್ಕೆ ಅಂಕ ಕೇಳುವುದಿಲ್ಲ. ಅಕ್ಕನೋ ಅಣ್ಣನೋ ಅಲ್ಲೇ ಓದುತ್ತಿದ್ದರೆ ಆದ್ಯತೆ. ಇಂಥ ಕೆಲವು ಆದ್ಯತೆಗಳಾದ ಮೇಲೆ ಉಳಿದದ್ದು ಲಾಟರಿ. ಸೀಟಿಗೆ ಹಣ ಕಟ್ಟುವುದಿಲ್ಲ.

ಹಾಗಿದ್ದರೆ ಗುಣಮಟ್ಟ ಅಂದರೇನು? ಹಣವೂ ಕಟ್ಟಡವೂ ಅಂತೀರಾದರೆ ಕಾನ್ಸಾಸ್ ಸಿಟಿಯ ಕತೆ ಕೇಳಬೇಕು. ಮಿಸ್ಸೂರಿ ರಾಜ್ಯದ ಆ ನಗರದ ಶಾಲೆಗಳನ್ನು ಸರಿಮಾಡಲು ನ್ಯಾಯಾಧೀಶ ರಸೆಲ್ ಕ್ಲಾರ್ಕ್ 1985ರಿಂದ ಒಂದಾದ ಮೇಲೊಂದು ಆದೇಶ ಕೊಟ್ಟರು. ಆಸ್ತಿ ತೆರಿಗೆಯನ್ನು ಕೋರ್ಟೇ ಸುಮಾರು ಇಮ್ಮಡಿ ಮಾಡಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಸುರಿದ ಹಣ ಸುಮಾರು 200 ಕೋಟಿ ಡಾಲರ್. ಪ್ರೌಢಶಾಲೆಗಳೆಲ್ಲ ಮ್ಯಾಗ್ನೆಟ್ ಆದವು. ಸೆಂಟ್ರಲ್ ಹೈಸ್ಕೂಲಿಗೆ ಒಲಿಂಪಿಕ್ ಅಳತೆಯ ಈಜುಕೊಳ ಬಂತು, ಎತ್ತ ನೋಡಿದರೂ ಕಂಪ್ಯೂಟರ್ ಬಂದವು. ಹೊರವಲಯದ ಬಿಳಿಯ ಮಕ್ಕಳು ನಿರೀಕ್ಷಿಸಿದಷ್ಟು ಬರಲಿಲ್ಲ. ಇದ್ದ ಮಕ್ಕಳ ಕಲಿಕೆಯೂ ಮೇಲೇಳಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ಆದೇಶಗಳು ಅಧಿಕಾರದ ಮಿತಿ ಮೀರಿವೆ ಎಂದಿತು. 2000ರಲ್ಲಿ ಆ ಜಿಲ್ಲೆ ರಾಜ್ಯದ ಮಾನ್ಯತೆಯನ್ನೇ ಕಳೆದುಕೊಂಡಿತು. ಕಲಿಸುವ ಕೈಗಳನ್ನು ಬಲಪಡಿಸದೆ ಗೋಡೆಗಳನ್ನು ಬಲಪಡಿಸಿದರೆ ಇಷ್ಟೇ ಆಗುವುದು ಎಂದು ನಾನು ಆ ಚರಿತ್ರೆಯನ್ನು ಓದುತ್ತೇನೆ. ಶಾಲೆ ತೋರಿಸುವ ದಿನ ಲ್ಯಾಬು, ಸ್ಟುಡಿಯೋ ನೋಡಿಯೇ ಮನಸೋಲುವ ತಂದೆತಾಯಿಗಳಿಗೆ ಇದನ್ನು ಹೇಳಬೇಕೆನಿಸುತ್ತದೆ.

ಇನ್ನು ಅಂಕಗಳು. ನಾನು ಹೆಚ್ಚು ಹೊತ್ತು ಕೂತದ್ದು ಇಲ್ಲಿಯೇ, ಯಾಕೆಂದರೆ ಇದು ನನ್ನ ವಿಷಯ. ನಾರ್ತ್ ಕ್ಯಾರೊಲೈನಾ ಪ್ರಾಥಮಿಕ ಮತ್ತು ಮಿಡಲ್ ಶಾಲೆಗೆ ಕೊಡುವ ಗ್ರೇಡಿನಲ್ಲಿ ಶೇಕಡಾ 80 ಪಾಲು ಮಕ್ಕಳು ಆ ವರ್ಷದ ಪರೀಕ್ಷೆಯಲ್ಲಿ ತೆಗೆದ ಫಲಿತಾಂಶದ್ದು. ಉಳಿದ 20 ಪಾಲು ಮಾತ್ರ ಬೆಳವಣಿಗೆಯದ್ದು, ಅಂದರೆ ಮಗು ಹಿಂದೆ ಎಲ್ಲಿತ್ತು, ಈಗ ಎಲ್ಲಿಗೆ ಬಂತು ಎಂಬುದರದ್ದು. ಓದಿದ ತಂದೆತಾಯಿ, ಮನೆ ತುಂಬ ಪುಸ್ತಕ, ಸಂಜೆ ಟ್ಯೂಷನ್ ಇರುವ ಮಗು ಶಾಲೆಯ ಬಾಗಿಲು ದಾಟುವಾಗಲೇ ಮುಂದಿರುತ್ತದೆ. ಅಂಥ ಮಕ್ಕಳೇ ತುಂಬಿದ ಶಾಲೆಗೆ ಎ ಬರುವುದು ಸಹಜ. ಅದರಲ್ಲಿ ಮೇಷ್ಟ್ರ ಪಾಲೆಷ್ಟು ಎಂದು ಆ ಅಕ್ಷರ ಹೇಳುವುದಿಲ್ಲ. ಕಾಲುವೆ ನೀರಿನ ಗದ್ದೆಯ ಇಳುವರಿಯನ್ನೂ ಮಳೆ ನಂಬಿದ ಹೊಲದ ಇಳುವರಿಯನ್ನೂ ಒಂದೇ ತಕ್ಕಡಿಗೆ ಹಾಕಿ ರೈತನ ಕಸುಬು ಅಳೆಯುವುದಕ್ಕೆ ಆಗುತ್ತದೆಯೇ?

ಬೆಳವಣಿಗೆ ಅಳೆಯುವ ಲೆಕ್ಕ ಹುಟ್ಟಿದ್ದೂ ಕೃಷಿಯ ಮನೆಯಿಂದಲೇ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಟೆನೆಸ್ಸೀ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಭಾಗದ ಸಂಖ್ಯಾಶಾಸ್ತ್ರಜ್ಞರಾಗಿದ್ದ ವಿಲಿಯಂ ಸ್ಯಾಂಡರ್ಸ್ 1980ರ ದಶಕದಲ್ಲಿ ಈ ವಿಧಾನ ರೂಪಿಸಿದರು. ಒಂದು ಮಗುವಿನ ಹಿಂದಿನ ವರ್ಷಗಳ ಅಂಕಗಳಿಂದ ಈ ವರ್ಷ ಅದು ಎಷ್ಟರ ಮಟ್ಟಿಗೆ ಬರಬಹುದೆಂದು ಅಂದಾಜು ಮಾಡುವುದು, ನಿಜವಾಗಿ ಬಂದದ್ದರ ಜೊತೆ ಹೋಲಿಸುವುದು, ಹೀಗೆ ಶಾಲೆಯ ಎಲ್ಲ ಮಕ್ಕಳ ವ್ಯತ್ಯಾಸವನ್ನೂ ಒಟ್ಟುಗೂಡಿಸುವುದು. ಆಮೇಲೆ ಸ್ಯಾಂಡರ್ಸ್ ಸ್ಯಾಸ್ ಕಂಪನಿಗೆ ಬಂದರು. ಆ ಕಂಪನಿ ಇರುವುದು ಕ್ಯಾರಿಯಲ್ಲೇ, ನಮ್ಮವರೂ ಅಲ್ಲಿ ಕೆಲಸ ಮಾಡುತ್ತಾರೆ. ಇದೇ ಲೆಕ್ಕ ಹಿಡಿದು ರಾಜ್ಯ ಪ್ರತಿ ಶಾಲೆಯ ಬೆಳವಣಿಗೆಯನ್ನು 'ನಿರೀಕ್ಷೆ ಮೀರಿದೆ', 'ಮುಟ್ಟಿದೆ', 'ಮುಟ್ಟಿಲ್ಲ' ಎಂದು ಬೇರೆಯಾಗಿಯೇ ಪ್ರಕಟಿಸುತ್ತದೆ. ಗ್ರೇಡಿನ ಪಕ್ಕದಲ್ಲೇ ಇರುವ ಆ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವರ್ಷದ ಸಾಲು ತೆಗೆದು ನೋಡಿದೆ. ಒಂದೇ ವರ್ಷದ್ದನ್ನು ನಂಬಬಾರದು, ಒಂದು ತಂಡದ ಮಕ್ಕಳಿಂದಲೇ ಅದು ಏರುಪೇರಾಗಬಹುದು. ಸಿ ಗ್ರೇಡಿನ ಆ ಮ್ಯಾಗ್ನೆಟ್ ಶಾಲೆ ಮೂರೂ ವರ್ಷ ನಿರೀಕ್ಷೆ ಮೀರಿತ್ತು. ಎ ಗ್ರೇಡಿನ ನಮ್ಮ ಬಡಾವಣೆಯ ಶಾಲೆ ಎರಡು ವರ್ಷ ಮುಟ್ಟಿತ್ತು, ಒಂದು ವರ್ಷ ಮುಟ್ಟಿರಲಿಲ್ಲ.

ಇದು ನನಗೆ ಹೊಸದೇನಲ್ಲ. ನಮ್ಮ ತಾಲ್ಲೂಕಿನ ಖಾಸಗಿ ಶಾಲೆಯೊಂದು ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಎಂದು ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟುತ್ತಿತ್ತು. ಅಲ್ಲಿ ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಟಿ.ಸಿ. ಕೊಟ್ಟು ಕಳಿಸುತ್ತಿದ್ದರು, ಆ ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಭಿನ್ನರಾಶಿ ಕೂಡಿಸಲು ಬಾರದೆ ಬಂದ ಹುಡುಗ ಗಣಿತದಲ್ಲಿ 48 ತೆಗೆದು ಪಾಸಾದಾಗ ಅವನ ತಾಯಿ ಶಾಲೆಗೆ ಬಂದು ಅತ್ತದ್ದು ಇದೆ. ಯಾವ ಫ್ಲೆಕ್ಸಿನಲ್ಲೂ ಆ 48ಕ್ಕೆ ಜಾಗ ಇರಲಿಲ್ಲ.

ಅಮೆರಿಕದಲ್ಲೂ ಅಂಕ ನೋಡಿಯೇ ಸೇರಿಸಿಕೊಳ್ಳುವ ಶಾಲೆಗಳಿವೆ; ಅವುಗಳ ವಿಷಯ ಇನ್ನೂ ಎಚ್ಚರದಿಂದ ನೋಡಬೇಕಾದ್ದು. ವರ್ಜೀನಿಯಾದ ಥಾಮಸ್ ಜೆಫರ್ಸನ್ ವಿಜ್ಞಾನ ತಂತ್ರಜ್ಞಾನ ಹೈಸ್ಕೂಲಿನ ಹೆಸರು ಅಮೆರಿಕದ ಭಾರತೀಯರ ಮನೆಗಳಲ್ಲಿ ಕೇಳದ ದಿನವಿಲ್ಲ. ಅದರ ಪ್ರವೇಶ ಪರೀಕ್ಷೆಯನ್ನು 2020ರಲ್ಲಿ ಕೈಬಿಟ್ಟದ್ದರ ಮೇಲೆ ಮೊಕದ್ದಮೆಯೇ ನಡೆಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಇಂಥ ಶಾಲೆ ಸೇರಿದರೆ ಮಗು ನಿಜವಾಗಿ ಹೆಚ್ಚು ಕಲಿಯುತ್ತದೆಯೇ? ಅಬ್ದುಲ್‌ಕಾದಿರೋಲು, ಆಂಗ್ರಿಸ್ಟ್, ಪಾಠಕ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ನ್ಯೂಯಾರ್ಕಿನ ಪ್ರವೇಶ ಪರೀಕ್ಷೆಯ ಶಾಲೆಗಳನ್ನು ಹಿಡಿದು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಟ್‌ಆಫ್ ಗೆರೆಯನ್ನು ಕೂದಲೆಳೆಯಲ್ಲಿ ದಾಟಿ ಸೇರಿದವರನ್ನೂ ಕೂದಲೆಳೆಯಲ್ಲಿ ಅವಕಾಶ ತಪ್ಪಿದವರನ್ನೂ ಹೋಲಿಸಿದರು. ಈ ಎರಡು ಗುಂಪಿನ ಮಕ್ಕಳು ಬುದ್ಧಿಯಲ್ಲಿ ಸಮಾನರು, ಸೇರಿದ ಶಾಲೆ ಮಾತ್ರ ಬೇರೆ. ಮುಂದಿನ ಪರೀಕ್ಷೆಗಳಲ್ಲಿ ಅವರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಾಗೆಂದು ಆ ಶಾಲೆಗಳು ಕೆಟ್ಟವಲ್ಲ. ಅವುಗಳ ಕೀರ್ತಿಯ ಬಹುಪಾಲು ಒಳಗೆ ಬಂದ ಮಕ್ಕಳದ್ದು, ಅಷ್ಟೇ.

ಲಾಟರಿಯ ಶಾಲೆಗಳಲ್ಲಿ ಈ ಹೋಲಿಕೆ ಇನ್ನೂ ಸ್ಪಷ್ಟ, ಯಾಕೆಂದರೆ ಗೆದ್ದವರೂ ಸೋತವರೂ ಅರ್ಜಿ ಹಾಕಿದವರೇ, ಅವರನ್ನು ಬೇರೆ ಮಾಡಿದ್ದು ಅದೃಷ್ಟ ಮಾತ್ರ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಮಕ್ಕಳ ಪರವಾಗಿ 1989ರಲ್ಲಿ ಹೂಡಿದ ಶೆಫ್ ಮೊಕದ್ದಮೆ 1996ರಲ್ಲಿ ಗೆದ್ದಿತು. ಅದರ ಫಲವಾಗಿ ನಗರದ ಮಕ್ಕಳೂ ಹೊರವಲಯದ ಮಕ್ಕಳೂ ಕೂಡಿ ಓದುವ ಮ್ಯಾಗ್ನೆಟ್ ಶಾಲೆಗಳು ಬೆಳೆದವು. ಅಂಥ ಕೆಲವು ಶಾಲೆಗಳ ಲಾಟರಿ ಹಿಡಿದು ನೋಡಿದ ಸಂಶೋಧಕರಿಗೆ ಕಲಿಕೆಯಲ್ಲಿ ಲಾಭ ಕಂಡಿತು. ಷಿಕಾಗೋದ ಹೈಸ್ಕೂಲುಗಳಲ್ಲಿ ಲಾಟರಿ ಗೆದ್ದವರ ಅಂಕದಲ್ಲಿ ಲಾಭ ಕಾಣಲಿಲ್ಲ. ಮ್ಯಾಗ್ನೆಟ್ ಎಂಬ ಬೋರ್ಡು ಒಂದೇ ಸಾಲದು, ಒಂದೊಂದು ಶಾಲೆಯನ್ನೂ ಅದರ ಒಳಹೊಕ್ಕೇ ನೋಡಬೇಕು.

ಒಳಹೊಕ್ಕು ನೋಡುವಾಗ ನಾನು ಎಲ್ಲಕ್ಕಿಂತ ಮುಖ್ಯ ಎನ್ನುವ ವಿಷಯ ಒಂದಿದೆ. ಒಂದೇ ಕಟ್ಟಡದಲ್ಲಿ ಎರಡು ಶಾಲೆ ನಡೆಯುವುದುಂಟು. ದೂರದಿಂದ ಬಸ್ಸಿನಲ್ಲಿ ಬಂದ ಮಕ್ಕಳು ಮೇಲಿನ ದರ್ಜೆಯ ಗಣಿತದಲ್ಲಿ, ಪಕ್ಕದ ಬೀದಿಯಿಂದ ನಡೆದು ಬಂದ ಮಕ್ಕಳು ಸಾಮಾನ್ಯ ಗಣಿತದಲ್ಲಿ. ಹೊರಗೆ ಲೆಕ್ಕಕ್ಕೆ ಎಲ್ಲರೂ ಒಂದೇ ಶಾಲೆಯವರು, ಒಳಗೆ ಊಟದ ಕೋಣೆ ಬಿಟ್ಟರೆ ಎಲ್ಲೂ ಕೂಡುವುದಿಲ್ಲ. ರಾಲಿ ಮತ್ತು ಶಾರ್ಲೆಟ್ಟಿನ ಎರಡು ಪತ್ರಿಕೆಗಳು 2017ರಲ್ಲಿ ರಾಜ್ಯದ ದಾಖಲೆಗಳನ್ನು ತೆಗೆದು ಒಂದು ಲೇಖನಮಾಲೆ ಬರೆದವು. ಪರೀಕ್ಷೆಯಲ್ಲಿ ಅಷ್ಟೇ ಎತ್ತರದ ಅಂಕ ತೆಗೆದಿದ್ದರೂ ಬಡ ಮನೆಯ ಮಕ್ಕಳನ್ನು ಮೇಲ್ದರ್ಜೆಯ ತರಗತಿಗಳಿಗೆ ಹಾಕುವುದು ಕಡಿಮೆ ಎಂಬುದು ಅದರಿಂದ ಹೊರಬಿತ್ತು. ಮರುವರ್ಷ, 2018ರಲ್ಲಿ, ಗಣಿತದಲ್ಲಿ ಅತಿ ಮೇಲಿನ ಹಂತ ಮುಟ್ಟಿದ ಮಗುವಿಗೆ ಮೇಲ್ದರ್ಜೆಯ ಗಣಿತ ಕೊಡಲೇಬೇಕೆಂದು ರಾಜ್ಯ ಕಾನೂನು ಮಾಡಿತು. ಪತ್ರಿಕೆಯ ಕೆಲಸ ಮಕ್ಕಳ ಬಾಳಿಗೆ ನೇರವಾಗಿ ತಾಗಿದ ಉದಾಹರಣೆ ಇದು.

ಹೀಗಾಗಿ ಶಾಲೆ ನೋಡಲು ಹೋದ ದಿನ ಮುಖ್ಯೋಪಾಧ್ಯಾಯಿನಿಯನ್ನು ನೇರ ಕೇಳಿದೆ: ಎಂಟನೇ ತರಗತಿಯಲ್ಲಿ ಮ್ಯಾಥ್ 1 ಓದುವವರಲ್ಲಿ ಈ ಬೀದಿಗಳ ಮಕ್ಕಳು ಎಷ್ಟು ಜನ? ಹೈಸ್ಕೂಲಿನ ಬೀಜಗಣಿತವನ್ನು ಅಲ್ಲಿ ಮ್ಯಾಥ್ 1 ಅನ್ನುತ್ತಾರೆ; ಅದನ್ನು ಎಂಟನೆಯಲ್ಲೇ ಮುಗಿಸಿದ ಮಗುವಿಗೆ ಹನ್ನೆರಡನೆಯ ಹೊತ್ತಿಗೆ ಕ್ಯಾಲ್ಕುಲಸ್ ತಲುಪುವುದು ಸುಲಭ. ಆಕೆ ಬೇಸರಿಸದೆ ಉತ್ತರ ಕೊಟ್ಟರು. ಸಂಖ್ಯೆ ಇನ್ನೂ ಸಾಲದು ಎಂದೂ, ಆರನೇ ತರಗತಿಯಲ್ಲೇ ಅಂಥ ಮಕ್ಕಳನ್ನು ಗುರುತಿಸಿ ಬೆಳಗಿನ ಹೊತ್ತು ಹೆಚ್ಚುವರಿ ಪಾಠ ನಡೆಸುತ್ತಿದ್ದೇವೆ ಎಂದೂ ಹೇಳಿದರು. ಆ ತರಗತಿಯನ್ನೂ ತೋರಿಸಿದರು. ಗೋಡೆಗೆ ಅಂಟಿಸಿದ್ದ ಮಕ್ಕಳ ಕೆಲಸ ಒಂದೇ ಅಚ್ಚಿನದಾಗಿರಲಿಲ್ಲ, ತಪ್ಪು ಹೆಜ್ಜೆಗಳನ್ನು ಅಳಿಸದೆ ಪಕ್ಕದಲ್ಲಿ ಯಾಕೆ ತಪ್ಪು ಎಂದು ಮಕ್ಕಳೇ ಬರೆದಿದ್ದರು. ಪ್ರಶ್ನೆಗೆ ಕೈ ಎತ್ತಿದವರಲ್ಲಿ ಎಲ್ಲ ಬಣ್ಣದ ಮಕ್ಕಳೂ ಇದ್ದರು. ಗಣಿತದ ಶಿಕ್ಷಕರಲ್ಲಿ ಹೆಚ್ಚಿನವರು ಅಲ್ಲೇ ಹಲವು ವರ್ಷ ಉಳಿದವರು. ನಾಟಕ, ರೋಬೋಟ್ ತರಗತಿಗಳನ್ನು ಆರಿಸಿಕೊಳ್ಳಲು ಯಾವ ಪರೀಕ್ಷೆಯೂ ಇಲ್ಲ, ಪಕ್ಕದ ಬೀದಿಯ ಮಗುವಿಗೂ ಅದೇ ಪಟ್ಟಿ.

ನನ್ನ ತೀರ್ಪನ್ನು ಮಗಳಿಗೆ ಹೇಳಿದೆ: ಆ ಸಿ ಶಾಲೆ ಒಳ್ಳೆಯ ಶಾಲೆ. ಅಳಿಯಂದಿರಿಗೆ ಬಸ್ಸಿನ ದೂರದ ಚಿಂತೆ ಇತ್ತು, ಅದು ನ್ಯಾಯವಾದ ಚಿಂತೆಯೇ. ಬೆಳಿಗ್ಗೆ ಆ ಬಸ್ಸು ನಿಲ್ಲುವ ಎಕ್ಸ್‌ಪ್ರೆಸ್ ಸ್ಟಾಪಿನ ತನಕ ತಾವೇ ಬಿಡಬೇಕಾಗುತ್ತದೆ. ಅದನ್ನೂ ಮಾತಾಡಿ, ಅರ್ಜಿಯಲ್ಲಿ ಆ ಶಾಲೆಯನ್ನೇ ಮೊದಲ ಆಯ್ಕೆಯಾಗಿ ಬರೆದರು.

ಕ್ಯಾರಿಯಲ್ಲಾಗಲಿ ಬೇರೆ ಊರಿನಲ್ಲಾಗಲಿ ಮಕ್ಕಳಿಗೆ ಶಾಲೆ ಹುಡುಕುತ್ತಿರುವ ಕನ್ನಡದ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಶಾಲೆಯವರು ಕರೆದ ಹಬ್ಬದ ದಿನ ಮಾತ್ರ ಹೋಗಬೇಡಿ, ಅನುಮತಿ ಕೇಳಿ ಒಂದು ಮಾಮೂಲಿ ಮಂಗಳವಾರ ಹೋಗಿ. ಮೇಲ್ದರ್ಜೆಯ ಗಣಿತದಲ್ಲಿ ಯಾರ ಮಕ್ಕಳು ಕೂತಿದ್ದಾರೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ನಿಮ್ಮ ಮಗುವಿಗೆ ಸೀಟು ಸಿಕ್ಕಿದ ಮೇಲೂ ಪ್ರತಿ ವರ್ಷ ಕೇಳುತ್ತಿರಿ.