ಅಪ್ಪನ ಹಾಡು ಯಾರ ಪಾಲಿಗೆ?

ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಲ್ಲಿ ಹಗರೆ ಸಿಗುತ್ತದೆ. ಹಳೇಬೀಡಿನತ್ತ ಹೊರಳುವ ದಾರಿಯೂ ಇಲ್ಲಿಂದಲೇ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. ತಂದೆಯಿಂದ ಮಗನಿಗೆ ಕೈಚಳಕ ಬಂದಿತು. ಶಿಲ್ಪವು ಗುಡಿಯ ಪಾಲಾಯಿತು. ಅವರ ಕಾಲಕ್ಕೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು.

ಇಂದು ಮುಗಿಯುವುದಿಲ್ಲ. ಬರೆದವನು, ರಾಗ ಹಾಕಿದವನು, ಚಿತ್ರ ಬಿಡಿಸಿದವನು ಕಣ್ಮರೆಯಾದ ಮೇಲೂ ಅವನ ಕೃತಿಗೆ ಕಣ್ಣಿಗೆ ಕಾಣದ ಒಂದು ಆಸ್ತಿ ಅಂಟಿಕೊಂಡಿರುತ್ತದೆ. ಅದೇ ಕೃತಿಸ್ವಾಮ್ಯ, ಜನ ಕಾಪಿರೈಟ್ ಎನ್ನುವುದು. ಇದಕ್ಕೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ, ಬದುವಿಲ್ಲ. ಆದುದರಿಂದಲೇ ಹೊಲ ಮನೆಗಳ ಪಾಲುಪಟ್ಟಿಯಲ್ಲಿ ಇದರ ಹೆಸರು ಬರುವುದು ಅಪರೂಪ. ಧ್ವನಿಸುರುಳಿಯ ಕಂಪನಿಯೋ ಪ್ರಕಾಶಕರೋ ಹಣ ಹಿಡಿದು ಬಾಗಿಲಿಗೆ ಬಂದ ದಿನವೇ ಅಣ್ಣತಮ್ಮಂದಿರಿಗೆ ಅದರ ನೆನಪಾಗುವುದು.

ಈ ವಿಷಯದಲ್ಲಿ ಕನ್ನಡನಾಡಿನಿಂದಲೇ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣವನ್ನು ಓದುಗರ ಮುಂದಿಡಬಯಸುತ್ತೇವೆ. ಡಾ. ಕೋಟ ಶಿವರಾಮ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡರು. ಎಲ್ಲ ವಿಷಯದಲ್ಲೂ ಮುಂದಾಲೋಚನೆಯಿದ್ದ ಅವರು 1994ರ ಜೂನ್ 18ರಂದೇ ಉಯಿಲು ಬರೆದಿದ್ದರು. ತಮ್ಮ ಸಾಹಿತ್ಯ ಕೃತಿಗಳ ಸ್ವಾಮ್ಯ ಮತ್ತು ಗೌರವಧನವು ತಮ್ಮ ಬರವಣಿಗೆಗೆ ನೆರವಾಗಿದ್ದ ಮಾಲಿನಿ ಮಲ್ಯ ಅವರಿಗೆ ಸೇರಬೇಕೆಂಬುದು ಅದರಲ್ಲಿನ ಒಂದು ಕಲಮು. ಬೇರೆಲ್ಲೂ ಹೇಳದೆ ಉಳಿದ ಆಸ್ತಿಯೂ ಅವರಿಗೇ ಎಂಬುದು ಅದರ ಮುಂದಿನ ಕಲಮು.

ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಯಾಗಿ ರಂಗಕ್ಕೆ ತಂದವರು. ಅವರು ನಿರ್ದೇಶಕರಾಗಿದ್ದ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯು 2001ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿತು. ತಮ್ಮ ಅನುಮತಿಯಿಲ್ಲದೆ ಆಡಿಸಿದರೆಂದು ಮಾಲಿನಿ ಮಲ್ಯ ಅವರು ದಾವೆ ಹೂಡಿದರು. ಪ್ರಶ್ನೆ ಬಹಳ ಸಣ್ಣದಾಗಿ ಕಾಣುತ್ತದೆ: ಕುಣಿತವು ಸಾಹಿತ್ಯವೇ? ಉಯಿಲಿನಲ್ಲಿದ್ದುದು ‘ಸಾಹಿತ್ಯ ಕೃತಿ’ ಎಂಬ ಮಾತು. ನೃತ್ಯವಾದರೋ ಕಾಯಿದೆಯ ಕಣ್ಣಿನಲ್ಲಿ ನಾಟಕ ಕೃತಿ. ಸಾಹಿತ್ಯ ಕೃತಿ ಬೇರೆ, ನಾಟಕ ಕೃತಿ ಬೇರೆ. ಜಿಲ್ಲಾ ನ್ಯಾಯಾಲಯ, ಉಚ್ಚ ನ್ಯಾಯಾಲಯಗಳನ್ನು ದಾಟಿ 2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ನಾಟಕ ಕೃತಿಯನ್ನು ಸಾಹಿತ್ಯದೊಳಗೆ ಸೇರಿಸಲು ಅದು ಒಪ್ಪಲಿಲ್ಲ. ಆದರೆ ಉಳಿದ ಆಸ್ತಿಯ ಕಲಮಿನಿಂದ ಆ ಸ್ವಾಮ್ಯವು ಮಾಲಿನಿ ಮಲ್ಯ ಅವರಿಗೇ ಬರುತ್ತದೆಂದಿತು. ಕಡೆಯಲ್ಲಿ ಸೇರಿಸಿದ ಒಂದು ಸಾಲು ಇಲ್ಲದಿದ್ದರೆ ಆ ಕುಣಿತದ ಗತಿ ಬೇರೆಯಾಗುತ್ತಿತ್ತು.

ಜ್ಞಾನಪೀಠ ಪಡೆದ ಲೇಖಕರು, ಬರೆದಿಟ್ಟ ಉಯಿಲು. ಆದರೂ ಇಷ್ಟು ಅಲೆದಾಟ. ಉಯಿಲೇ ಇಲ್ಲದ ಮನೆಯ ಪಾಡೇನು? ನಮ್ಮ ಹಗರೆ, ಅರಸೀಕೆರೆಯ ಸುತ್ತಿನ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟರುಗಳಿಗೆ ಕೊರತೆಯಿಲ್ಲ. ಅಂಥ ಒಬ್ಬರು ತಾವೇ ನಾಟಕ ಬರೆದು, ಹಾಡುಗಳಿಗೆ ಮಟ್ಟು ಹಾಕಿ, ಉಯಿಲು ಬರೆಯದೆ ಲಿಂಗೈಕ್ಯರಾದರೆಂದು ಇಟ್ಟುಕೊಳ್ಳೋಣ. ಹಾರ್ಮೋನಿಯಂ ಮತ್ತು ಕೈಬರಹದ ಪುಸ್ತಕಗಳು ಹಿರಿಯ ಮಗನ ಮನೆಯಲ್ಲಿವೆ. ಕಿರಿಯವನು ತಂದೆಯ ಹಾಡುಗಳನ್ನು ಹಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಮಗಳು ಅರಸೀಕೆರೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಪುಸ್ತಕ ನನ್ನ ಬಳಿಯಿದೆ, ಹಕ್ಕು ನನ್ನದು ಎನ್ನುತ್ತಾನೆ ಹಿರಿಯ. ಹಾಡಿ ಉಳಿಸಿದವನು ನಾನು ಎನ್ನುತ್ತಾನೆ ಕಿರಿಯ. ಮಗಳನ್ನು ಯಾರೂ ಕೇಳುವುದಿಲ್ಲ.

ಕಾಯಿದೆಯ ಮಾತು ಮೂವರಿಗೂ ಬೇರೆಯೇ ಆಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತನ್ನ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರಿಟ್ಟೇ ನಮ್ಮನ್ನು ಸೇರಿಸಿಕೊಂಡಿದೆ. ಕೃತಿಸ್ವಾಮ್ಯವು ತಂದೆಯ ಸ್ವಯಾರ್ಜಿತ. ಆದುದರಿಂದ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಅದರಲ್ಲಿ ಸಮಪಾಲು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದುದು ಈಚೆಗೆ, ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಲ್ಲಿ. ಸ್ವಯಾರ್ಜಿತದ ಪಾಲಾದರೋ 1956ರಿಂದಲೂ ಇದೆ. ಅರಿಶಿನ ಕುಂಕುಮಕ್ಕೆಂದು ಏನನ್ನೋ ಕೊಟ್ಟು ಹೊಲದ ಹಕ್ಕು ಬಿಡಿಸಿಕೊಂಡ ಪತ್ರದಲ್ಲಿ ಅಪ್ಪನ ನಾಟಕದ ಮಾತೇ ಇರುವುದಿಲ್ಲ. ಅದನ್ನು ಬರೆಸಿಕೊಂಡ ಅಣ್ಣಂದಿರು ಇದನ್ನು ಗಮನಿಸಬೇಕು.

ಕೈಬರಹದ ಪುಸ್ತಕ ಒಂದು ಆಸ್ತಿ, ಅದರೊಳಗಿನ ಕೃತಿಯ ಸ್ವಾಮ್ಯ ಇನ್ನೊಂದು. ಪುಸ್ತಕ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ಹಿರಿಯನು ಒಬ್ಬನೇ ಅಚ್ಚು ಹಾಕಿಸುವಂತಿಲ್ಲ. ಚಿತ್ರ ಕೊಂಡವರಿಗೆ ಚಿತ್ರ ಸೇರುತ್ತದೆ; ಅದನ್ನು ಕ್ಯಾಲೆಂಡರಿಗೆ ಅಚ್ಚು ಹಾಕಿಸುವ ಹಕ್ಕು, ಬರೆದುಕೊಡದಿದ್ದರೆ, ಕಲಾವಿದನ ಮಕ್ಕಳಲ್ಲೇ ಉಳಿಯುತ್ತದೆ. ಇದಕ್ಕೊಂದು ವಿನಾಯಿತಿ ಉಂಟು: ಅಚ್ಚಾಗದ ಕೃತಿಯ ಹಸ್ತಪ್ರತಿಯನ್ನು ಉಯಿಲಿನ ಮೂಲಕ ಒಬ್ಬರಿಗೆ ಕೊಟ್ಟರೆ, ಬೇರೆ ಮಾತು ಬರೆಯದಿದ್ದಲ್ಲಿ ಸ್ವಾಮ್ಯವೂ ಅದರ ಜೊತೆಗೇ ಹೋಗುತ್ತದೆ. ಪ್ರೀತಿಯಿಂದ ಮೊಮ್ಮಗನಿಗೆ ಒಂದು ನೋಟುಪುಸ್ತಕ ಬರೆದಿಡುವ ಅಜ್ಜಂದಿರಿಗೆ ಇದು ತಿಳಿದಿರಲಿ.

ವಚನ ಗಾಯನದ ಮನೆಗಳಲ್ಲಿ ಇನ್ನೊಂದು ಗೊಂದಲವಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳಿಗೆ ಯಾರ ಸ್ವಾಮ್ಯವೂ ಇಲ್ಲ. ಆದರೆ ವಚನಕ್ಕೆ ಹೊಸದಾಗಿ ಹಾಕಿದ ರಾಗಸಂಯೋಜನೆ ಸಂಯೋಜಕರದು. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದವರದು. ಒಂದೇ ಹಾಡಿನಲ್ಲಿ ಇಷ್ಟು ಪದರಗಳು.

ಉಯಿಲಿಲ್ಲದ ದೊಡ್ಡ ಮನೆಯ ಕಥೆಗೆ ಜಗತ್ತು ಪಿಕಾಸೋನನ್ನು ನೆನೆಯುತ್ತದೆ. 1973ರಲ್ಲಿ ಆತ ತೀರಿಕೊಂಡಾಗ ಉಯಿಲು ಇರಲಿಲ್ಲ. ಹಂಚಿಕೆಯ ತಕರಾರು ವರ್ಷಗಟ್ಟಲೆ ನಡೆಯಿತು. ಕಡೆಗೆ 1989ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವೇ ಮಗ ಕ್ಲೋದನನ್ನು ಸ್ವಾಮ್ಯದ ಆಡಳಿತಗಾರನನ್ನಾಗಿ ನೇಮಿಸಬೇಕಾಯಿತು. ಅವನು ಅಪ್ಪನ ಹೆಸರನ್ನು ಒಂದು ಮೋಟಾರು ಕಾರಿಗೆ ಕೊಟ್ಟಾಗ ಮೊಮ್ಮಗಳು ಮರೀನಾ ಬಹಿರಂಗವಾಗಿಯೇ ವಿರೋಧಿಸಿದಳು. ಹಣ ಬೇಕಾದಷ್ಟಿದ್ದ ಮನೆಯದು. ಅಲ್ಲಿ ಜಗಳ ಹೆಸರಿನ ಘನತೆಯ ಬಗೆಗೂ ಇತ್ತು.

ನಮ್ಮಲ್ಲಿ ಹಣ ಅಷ್ಟಿಲ್ಲ, ಹಠವೇ ಹೆಚ್ಚು. ಒಬ್ಬ ಪಾಲುದಾರ ಒಪ್ಪದಿದ್ದರೆ ಪ್ರಕಾಶಕರು ದೂರ ಸರಿಯುತ್ತಾರೆ. ಪುಸ್ತಕ ಮರುಮುದ್ರಣವಾಗುವುದಿಲ್ಲ, ಹಾಡು ಕೇಳಿಸುವುದಿಲ್ಲ. ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಸ್ವಾಮ್ಯ ನಡೆಯುತ್ತದೆ. ಅಷ್ಟರಲ್ಲಿ ಗೆದ್ದವನೂ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ರುಜು ಬೇಕು. ಪುಸ್ತಕ, ನಾಟಕ, ರಾಗ, ಚಿತ್ರ ಎಂದು ಬಿಡಿಬಿಡಿಯಾಗಿ ಬರೆದು, ಕಾರಂತರಂತೆ ಉಳಿದದ್ದಕ್ಕೂ ಒಂದು ಸಾಲು ಸೇರಿಸುವುದು ಲೇಸು. ಎಲ್ಲ ಮಕ್ಕಳಿಗೂ ಪಾಲು ಕೊಟ್ಟು, ಅನುಮತಿ ನೀಡುವ ಕೆಲಸವನ್ನು ಒಬ್ಬರಿಗೆ ವಹಿಸಬಹುದು. ಯಾರಿಗೂ ಬೇಡ, ಲೋಕಕ್ಕೇ ಇರಲಿ ಎನ್ನುವ ಉದಾರಿಗಳು ಬದುಕಿರುವಾಗಲೇ ಕೃತಿಸ್ವಾಮ್ಯದ ನೋಂದಣಾಧಿಕಾರಿಗೆ ಬರೆದೋ ಸಾರ್ವಜನಿಕ ಪ್ರಕಟಣೆ ಕೊಟ್ಟೋ ಹಕ್ಕನ್ನು ಬಿಡಬಹುದು.

ಜಾತ್ರೆಯಲ್ಲಿ ಮೇಷ್ಟರ ನಾಟಕ ಆಡುವ ಊರಿನ ಹುಡುಗರು ಹೆದರಬೇಕಾಗಿಲ್ಲ. ಹವ್ಯಾಸಿ ತಂಡವು ಹಣ ಪಡೆಯದೆ ಆಡಿದರೆ, ಇಲ್ಲವೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಉಲ್ಲಂಘನೆಯಲ್ಲ. ಮಣಿಪಾಲದ ಸಂಸ್ಥೆಗೂ ಸರ್ವೋಚ್ಚ ನ್ಯಾಯಾಲಯ ಕಾಯಿದೆಯ ಇಂಥ ವಿನಾಯಿತಿಗಳನ್ನು ಉಳಿಸಿಕೊಟ್ಟಿತು. ಮನೆ ಮಾರಿ ವಚನಗಳನ್ನು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಸ್ವಂತ ಬರಹಗಳು 2025ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದವುಗಳಾಗಿವೆ.