ಕಟಿಂಗ್ ರೇಟ್ ಏರಿದರೂ ಕ್ಷೌರಿಕರ ಕೈಯಲ್ಲಿ ಕಾಸು ನಿಲ್ಲಲ್ಲ ಯಾಕೆ?

ಮೂಡಿಗೆರೆ, ಕಳಸದಲ್ಲಿ ಕಟಿಂಗ್ ರೇಟ್ ಜಾಸ್ತಿ ಆಯ್ತು ಅಂತ ಗೊಣಗುವವರು ಈ ಲೆಕ್ಕ ನೋಡಿ.

ಹಲವು ಸಲೂನ್‌ಗಳಲ್ಲಿ ಕೆಲಸಗಾರರಿಗೆ ಸಂಬಳವಿಲ್ಲ, ದುಡಿಮೆಯಲ್ಲಿ ಅರ್ಧ ಪಾಲು. ಕಟಿಂಗ್‌ಗೆ 100 ರೂ. ಎಂದಿಟ್ಟುಕೊಳ್ಳಿ. ಕಾಫಿ ಕೊಯ್ಲಿನ ಜನವರಿಯಲ್ಲಿ, ತೋಟದ ಬಟವಾಡೆ ಆದಾಗ, ದಿನಕ್ಕೆ 12 ಜನ ಬಂದರೆ ಕೈಗೆ 600 ರೂ. ಜುಲೈ ಮಳೆಯಲ್ಲಿ ನಾಲ್ಕೇ ಜನ ಬಂದರೆ 200 ರೂ. ಮಂಗಳವಾರದ ರಜೆ ಕಳೆದು 26 ದಿನಕ್ಕೆ 5,200 ರೂ. ಮನೆ ಬಾಡಿಗೆ, ಗ್ಯಾಸ್, ಮಕ್ಕಳ ಫೀಸ್ ಮಳೆ ನೋಡಿ ಇಳಿಯಲ್ಲ. ಮಾಲೀಕರ ಅರ್ಧದಲ್ಲೂ ಅಂಗಡಿ ಬಾಡಿಗೆ, ಕರೆಂಟ್, ಬ್ಲೇಡ್ ಖರ್ಚು ಹೋಗಬೇಕು.

2025ರ ಸೆಪ್ಟೆಂಬರ್ 22ರಿಂದ ಸಲೂನ್ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ ನಿಜ. ಆದರೆ ವರ್ಷಕ್ಕೆ 20 ಲಕ್ಷ ರೂ. ಒಳಗಿನ ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಡ. ಸಣ್ಣ ಅಂಗಡಿಯಲ್ಲಿ ಇಲ್ಲದ ತೆರಿಗೆಯನ್ನು ಇಳಿಸೋದಾದರೂ ಹೇಗೆ? ಮಳೆಗಾಲದ ಸಾಲ ತೀರಿಸೋಕೆ ಅವರಿಗೂ ಕೊಯ್ಲಿನ ದುಡ್ಡೇ ಗತಿ.