ಬ್ಯಾಟರಿ ಬದಲಿಸುವ ವೆಚ್ಚ

ವಿದ್ಯುತ್ ಮೋಟಾರುಬಂಡಿಗಳ ಮಾತು ಬಂದಾಗಲೆಲ್ಲ ಜನರು ಕೇಳುವ ಪ್ರಶ್ನೆಯೊಂದುಂಟು: “ಬ್ಯಾಟರಿ ಕೆಟ್ಟರೆ ಗತಿಯೇನು?” ಪ್ರಶ್ನೆ ನ್ಯಾಯವಾದುದೇ. ಇಂತಹ ಬಂಡಿಯಲ್ಲಿ ಬ್ಯಾಟರಿಯಷ್ಟು ಬೆಲೆಬಾಳುವ ಭಾಗ ಬೇರೊಂದಿಲ್ಲ. ಉತ್ತರವನ್ನು ಅರಿಯಬೇಕಾದರೆ ಬ್ಯಾಟರಿಯು ಸವೆಯುವ ಬಗೆಯನ್ನು ನಾವು ಮೊದಲು ತಿಳಿಯಬೇಕು.

ಬ್ಯಾಟರಿಯೆಂಬುದು ಅನೇಕ ಕೋಶಗಳ ಸಮೂಹ. ಪೆಟ್ರೋಲು ಎಂಜಿನನ್ನೂ ವಿದ್ಯುತ್ ಮೋಟಾರನ್ನೂ ಕೂಡಿಸಿದ ಟೊಯೋಟಾ ಪ್ರಿಯಸ್ ಎಂಬ ಮಿಶ್ರ ಬಂಡಿಯು ೧೯೯೭ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಅದರ ೨೦೦೩ರ ಮಾದರಿಯಲ್ಲಿ ೧೬೮ ನಿಕ್ಕಲ್ ಲೋಹಹೈಡ್ರೈಡ್ ಕೋಶಗಳು ಸರಣಿಯಾಗಿ ಜೋಡಣೆಗೊಂಡಿದ್ದವು. ಒಂದೊಂದು ಕೋಶದ ವಿಭವ ೧.೨ ವೋಲ್ಟ್, ಒಟ್ಟು ೨೦೧.೬ ವೋಲ್ಟ್. ಸರಣಿಯಲ್ಲಿ ಒಂದೇ ಪ್ರವಾಹವು ಎಲ್ಲ ಕೋಶಗಳ ಮೂಲಕವೂ ಹರಿಯಬೇಕಷ್ಟೆ. ಆದುದರಿಂದ ಒಂದು ಕೋಶವು ದುರ್ಬಲವಾದರೆ ಉಳಿದ ೧೬೭ ಕೋಶಗಳೂ ಅದರ ಮಿತಿಗೆ ಒಳಪಡುವುವು. ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಗಾಡಿಯೇ ನಿಧಾನವಾಗುವುದಿಲ್ಲವೇ? ಕೆಟ್ಟ ಭಾಗವೊಂದನ್ನೇ ಬದಲಿಸಬಹುದು, ನಿಜ. ಆದರೆ ಅದರ ಜೊತೆಯ ಹಳೆಯ ಕೋಶಗಳೂ ಅಷ್ಟೇ ವಯಸ್ಸಾದವು. ಕೆಲಕಾಲದಲ್ಲಿ ಮತ್ತೊಂದು ಕೈಕೊಡಬಹುದು.

೨೦೧೦ರಲ್ಲಿ ಬಂದ ನಿಸ್ಸಾನ್ ಲೀಫ್ ಬಂಡಿಯದು ಲಿಥಿಯಂ ಬ್ಯಾಟರಿ. ಇಂತಹ ಕೋಶದ ಗ್ರಾಫೈಟ್ ವಿದ್ಯುದ್ದ್ವಾರದ ಮೇಲೆ ತೆಳುವಾದ ಪೊರೆಯೊಂದು ಕಾಲಕ್ರಮದಲ್ಲಿ ಬೆಳೆದು ಲಿಥಿಯಮನ್ನು ನುಂಗುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ತೀವ್ರವಾಗುವುದು. ಲೀಫ್ ಬ್ಯಾಟರಿಯನ್ನು ತಂಪಾಗಿಡಲು ದ್ರವದ ಏರ್ಪಾಡಿರಲಿಲ್ಲ. ಅಮೆರಿಕದ ಉರಿಬಿಸಿಲಿನ ಅರಿಜೋನ ಪ್ರಾಂತದಲ್ಲಿ ೨೦೧೨ರ ವೇಳೆಗೇ ಹಲವು ಬಂಡಿಗಳ ಬ್ಯಾಟರಿಗಳು ಶಕ್ತಿಗುಂದಿದುವು.

ಇನ್ನು ಲೆಕ್ಕವನ್ನು ನೋಡೋಣ. ಲೀಫ್‌ನ ಮೊದಲ ಬ್ಯಾಟರಿಯ ಧಾರಣಶಕ್ತಿ ೨೪ ಕಿಲೋವಾಟ್-ಗಂಟೆ. ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟೇ ಒಂದು ಕಿಲೋವಾಟ್-ಗಂಟೆ. ೨೦೧೪ರಲ್ಲಿ ಅಮೆರಿಕದಲ್ಲಿ ಹಳೆಯದನ್ನು ಹಿಂದಿರುಗಿಸಿದವರಿಗೆ ಹೊಸ ಬ್ಯಾಟರಿಯ ಬೆಲೆ ೫,೪೯೯ ಡಾಲರ್ ಎಂದು ಗೊತ್ತುಮಾಡಲಾಯಿತು. ಎಂದರೆ ಯೂನಿಟ್ಟಿಗೆ ಸುಮಾರು ೨೨೯ ಡಾಲರ್. ಒಮ್ಮೆಲೇ ತೆರಬೇಕಾದವನಿಗೆ ಇದು ದೊಡ್ಡ ಮೊತ್ತವೇ ಸರಿ. ಆದರೆ ಆ ಬ್ಯಾಟರಿಯು ೧,೬೦,೦೦೦ ಕಿಲೋಮೀಟರು ಬಾಳುವುದೆಂದು ಭಾವಿಸಿದರೆ ಕಿಲೋಮೀಟರಿಗೆ ತಗಲುವುದು ಸುಮಾರು ಮೂರೂವರೆ ಸೆಂಟು ಮಾತ್ರ.

ಬೆಲೆಯೂ ಇಳಿಯುತ್ತ ಬಂದಿದೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ಗಣನೆಯಂತೆ ಲಿಥಿಯಂ ಬ್ಯಾಟರಿಯ ಸರಾಸರಿ ಬೆಲೆ ೨೦೧೦ರಲ್ಲಿ ಯೂನಿಟ್ಟಿಗೆ ೧,೦೦೦ ಡಾಲರನ್ನು ಮೀರಿತ್ತು. ೨೦೨೪ರಲ್ಲಿ ಅದು ೧೧೫ ಡಾಲರಾಗಿತ್ತು. ಆದರೆ ಇದು ತಯಾರಕರು ತೆರುವ ಬೆಲೆ. ಬಳಕೆದಾರನು ಸಾಗಣೆ, ಕೂಲಿ, ವ್ಯಾಪಾರಿಯ ಲಾಭಗಳನ್ನೂ ಹೊರಬೇಕಾಗುವುದು.

ಬಂಡಿಗೆ ಸಾಲದಾದ ಬ್ಯಾಟರಿ ಕೇವಲ ಕಸವೂ ಅಲ್ಲ. ಆಮ್‌ಸ್ಟರ್‌ಡ್ಯಾಮಿನ ಕ್ರೀಡಾಂಗಣವೊಂದರಲ್ಲಿ ೨೦೧೮ರಲ್ಲಿ ೧೪೮ ಲೀಫ್ ಬ್ಯಾಟರಿಗಳಿಗೆ ಸಮನಾದ ಶಕ್ತಿಸಂಗ್ರಹವನ್ನು ಸ್ಥಾಪಿಸಲಾಯಿತು. ಅವುಗಳಲ್ಲಿ ಬಳಸಿದವೂ ಸೇರಿದ್ದವು.

ಆದುದರಿಂದ ಹಳೆಯ ವಿದ್ಯುತ್ ಬಂಡಿಯನ್ನು ಕೊಳ್ಳಹೊರಟವರು ಹೊರಗಿನ ಬಣ್ಣಕ್ಕೆ ಮರುಳಾಗಬಾರದು. ಬ್ಯಾಟರಿಯಲ್ಲಿ ಇನ್ನೆಷ್ಟು ಧಾರಣಶಕ್ತಿ ಉಳಿದಿದೆಯೆಂದು ಅಳೆಯಿಸಿ ನೋಡಿದ ಬಳಿಕವೇ ಬೆಲೆಯ ಮಾತನ್ನಾಡಬೇಕು. ಇಲ್ಲವಾದರೆ ಮೊದಲ ಒಡೆಯನು ಸವೆಸಿದ ಬ್ಯಾಟರಿಯ ವೆಚ್ಚವನ್ನು ಎರಡನೆಯವನು ತೆರಬೇಕಾದೀತು.